ರೆಕಾರ್ಡರ್ ಆಫ್ ಆದ ಮೇಲೆ ಹೇಳಿದ ಮಾತು

(ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಇವರನ್ನು ಮೇಡಂ ಎಂದೇ ಕರೆಯುತ್ತೇನೆ. ಉತ್ತರ ಕರ್ನಾಟಕದ ಒಂದು ತಾಲೂಕು ಕಾಲೇಜಿನಲ್ಲಿ ಸಮಾಜಕಾರ್ಯ ಪಾಠ ಮಾಡುತ್ತಾರೆ. ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಅಧಿಕಾರಿಯೂ ಹೌದು. ಪಿಎಚ್‌ಡಿಗೆ ಐದನೇ ವರ್ಷ. ಲ್ಯಾಪ್‌ಟಾಪ್ ತೆರೆದರೆ ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಇಲ್ಲ, ಪಿಎಚ್‌ಡಿ ಬಿಟ್ಟೇಬಿಡ್ತೀನಿ ಎಂದು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಿದ್ದರು.

ಮೊದಲ ಭೇಟಿಯಲ್ಲಿ ಬರೀ ಕೆಲಸದ ಗೋಳು. ಎನ್‌ಎಸ್‌ಎಸ್‌ನ ಏಳು ದಿನದ ವಿಶೇಷ ಶಿಬಿರ, ಇಂಟರ್ನಲ್ಸ್, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಫೈಲು. ಅವರ ಪಿಎಚ್‌ಡಿ ಯುವಜನರ ಬಗ್ಗೆ. ಯುವಜನ ಅಧ್ಯಯನಕ್ಕೆ ನಮ್ಮ ಕಡೆ ಬೇರೆ ವಿಭಾಗವೆಲ್ಲಿದೆ? ತಮಿಳುನಾಡಿನ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ರಾಷ್ಟ್ರೀಯ ಯುವಜನ ಅಭಿವೃದ್ಧಿ ಸಂಸ್ಥೆ 1993ರಿಂದಲೇ ಇದೆ. ಇಲ್ಲಿ ಮಾತ್ರ ಸಮಾಜಕಾರ್ಯ, ಸಮಾಜಶಾಸ್ತ್ರದವರು ತಮ್ಮ ಕೆಲಸದ ನಡುವೆ ಜಾಗ ಮಾಡಿಕೊಂಡು ಇದನ್ನು ಮಾಡಬೇಕು.

ಅವರ ವಿಷಯ, ಡಿಗ್ರಿ ಮುಗಿಸಿ ಪಿಡಿಒ, ಪಿಎಸ್‌ಐ, ಎಫ್‌ಡಿಎ ಎಂದು ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಧಾರವಾಡದಲ್ಲಿ ರೂಮು ಮಾಡಿಕೊಂಡು ಓದುತ್ತಾ ಕೂತ ಹುಡುಗರು. 2014ರ ರಾಷ್ಟ್ರೀಯ ಯುವ ನೀತಿಯ ಪ್ರಕಾರ 15ರಿಂದ 29 ವರ್ಷದವರು ಯುವಜನ. ಇವರು ಮಾತಾಡಿಸಿದವರಲ್ಲಿ ಮೂವತ್ತು ದಾಟಿದವರೇ ಜಾಸ್ತಿ. "ಇವ್ರೂ ಯುವಕರಾ?" ಎಂದು ಗೈಡ್ ಕೇಳಿದ್ದರಂತೆ. ನನಗಂತೂ ಆ ಪ್ರಶ್ನೆಯಲ್ಲೇ ಒಂದು ಅಧ್ಯಾಯ ಕಂಡಿತು. ಇರಲಿ, ಅದು ನನ್ನ ಕ್ಷೇತ್ರವಲ್ಲ.

ನಿಜವಾದ ವಿಷಯ ಹೊರಬಂದಿದ್ದು ನಂತರ. ಸಂದರ್ಶನ ಕೊಟ್ಟವರಲ್ಲಿ ಒಬ್ಬ ಇವರ ಹಳೇ ವಿದ್ಯಾರ್ಥಿ. ಪ್ರಶ್ನೆ ಮುಗಿದು, ರೆಕಾರ್ಡರ್ ಆಫ್ ಆಗಿ, ಚಹಾ ಬಂದ ಮೇಲೆ ಅವನು ಹೇಳಿದ್ದು: "ಮನಿಗೆ ಹೋಗಾಕ ಮುಖಾ ಇಲ್ರಿ ಮೇಡಂ. ಒಮ್ಮೊಮ್ಮೆ ಇದ್ದೇನ್ ಮಾಡೋದು ಅನಸ್ತದ." ಮೇಡಂ ಎದ್ದು ಬರಲಿಲ್ಲ, ಕತ್ತಲಾಗುವ ತನಕ ಕೂತಿದ್ದರು. ಮನೆಗೆ ಬಂದು ಎಲ್ಲವನ್ನೂ ಟಿಪ್ಪಣಿಯಲ್ಲಿ ಬರೆದರು. ಗೈಡ್ ಅದನ್ನು ಓದಿ, "ನಿಮ್ಮ ಥೀಸಿಸ್ ಇಲ್ಲೇ ಇದೆ" ಎಂದರು. ಅಂದಿನಿಂದ ನಾಲ್ಕನೇ ಅಧ್ಯಾಯ ಒಂದು ಸಾಲೂ ಮುಂದೆ ಹೋಗಿಲ್ಲ.

"ಅವನು ಮೇಡಂ ಅಂತ ನನ್ನ ಹತ್ರ ಹೇಳಿದ್ದು. ನಾನು ಅದನ್ನ ಡೇಟಾ ಮಾಡಿಬಿಟ್ಟೆ," ಎಂದು ಅತ್ತರು.

ಇದನ್ನು ಆತಂಕ ಎಂದು ಹೆಸರಿಟ್ಟು ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಬಹುದಿತ್ತು. ಆದರೆ ಅವರ ಕೈ ತಡೆದಿದ್ದು ಕಾಯಿಲೆಯಲ್ಲ, ಆತ್ಮಸಾಕ್ಷಿ. ಪ್ರಶ್ನೆ ನ್ಯಾಯವಾಗಿಯೇ ಇತ್ತು, ಉತ್ತರ ಮಾತ್ರ ಸಿಕ್ಕಿರಲಿಲ್ಲ.

ಮೊದಲು ಹುಡುಗನ ಬಗ್ಗೆ ಮಾತಾಡಿದೆವು. ಈಗ ಹೇಗಿದ್ದಾನೆ? ಫೋನ್ ಮಾಡಿ ಸಾಯುವ ಯೋಚನೆ ಇದೆಯಾ ಎಂದು ನೇರವಾಗಿ ಕೇಳಿ ಎಂದೆ. ಕೇಳಿದರೆ ತಲೆಯಲ್ಲಿ ಹುಳ ಬಿಟ್ಟಂತಾಗುತ್ತದೆ ಎಂಬ ಭಯ ಬೇಡ. ಹಾಗಾಗುವುದಿಲ್ಲ. ಇದೆ ಎಂದರೆ ಅವನನ್ನು ಒಂಟಿಯಾಗಿ ಬಿಡದೆ, ಮನೆಯವರ ಅಥವಾ ಗೆಳೆಯರ ಜೊತೆ ಆಸ್ಪತ್ರೆಗೆ ಕಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಅವನ ಪಾಲಿಗೆ ನೀವೊಬ್ಬರೇ ದಿಕ್ಕು ಅನ್ನುವಂತಾಗಬಾರದು, ಅದು ಇಬ್ಬರಿಗೂ ಒಳ್ಳೆಯದಲ್ಲ.

ಇನ್ನು ಥೀಸಿಸ್. ರೆಕಾರ್ಡರ್ ಆಫ್ ಆದ ಮೇಲಿನ ಮಾತಿಗೆ ಹಳೇ ಒಪ್ಪಿಗೆ ಪತ್ರ ಸಾಲದು. ಅವನು ಸ್ವಲ್ಪ ಸುಧಾರಿಸಿದ ಮೇಲೆ ಬರೆದದ್ದನ್ನು ತೋರಿಸಿ, ಬೇಡ ಅನ್ನಲು ಜಾಗ ಬಿಟ್ಟು ಕೇಳಿ. ಬೇಡ ಎಂದರೆ ತೆಗೆಯಿರಿ, ಗೈಡ್ ಏನೇ ಅನ್ನಲಿ. ಮುಂದೆ ನೀವು ಅಂಕ ಕೊಡುವ ಮಕ್ಕಳನ್ನು ಸಂದರ್ಶನ ಮಾಡಬೇಡಿ, ಅವರು ಇಲ್ಲ ಅನ್ನಲಾರರು. ಯಾರಾದರೂ ಜೀವದ ಬಗ್ಗೆ ಮಾತಾಡಿದರೆ ನೀವೇನು ಮಾಡುತ್ತೀರಿ ಎಂಬುದು ಒಪ್ಪಿಗೆ ಪತ್ರದಲ್ಲೇ ಇರಲಿ.

ದುಡ್ಡು ಕೊಟ್ಟು ಜರ್ನಲ್‌ನಲ್ಲಿ ಸಂಶೋಧನಾ ಪೇಪರ್ ಹಾಕಿಸುವ ಒತ್ತಡವೂ ಮೇಡಂ ಮೇಲಿತ್ತು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಪಿಎಚ್‌ಡಿ ನಿಯಮದಲ್ಲಿ ಥೀಸಿಸ್ ಸಲ್ಲಿಸುವ ಮೊದಲು ಪೇಪರ್ ಪ್ರಕಟಿಸಿರಲೇಬೇಕೆಂಬ ಷರತ್ತಿಲ್ಲ. ಆರು ವರ್ಷದ ಗಡುವು ಮುಗಿದ ಮೇಲೆ ಮರುನೋಂದಣಿ ಮಾಡಿಸಿದರೆ ಎರಡು ವರ್ಷ, ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷ ಸಿಗುತ್ತದೆ. ನಿಮ್ಮ ನೋಂದಣಿಗೆ ಯಾವುದು ಅನ್ವಯ ಎಂದು ವಿಶ್ವವಿದ್ಯಾಲಯದಲ್ಲಿ ಬರಹದಲ್ಲೇ ಕೇಳಿ ಎಂದೆ.

ಹುಡುಗ ಈಗ ಚಿಕಿತ್ಸೆಯಲ್ಲಿದ್ದಾನೆ. ಮನೆಯ ಮಾತು ಬರೆಯಿರಿ, ಸಾವಿನ ಮಾತು ಬೇಡ ಎಂದನಂತೆ. ಮೇಡಂ ಆ ಭಾಗ ತೆಗೆದರು. ಗೈಡ್ ಗೊಣಗಿದರು. ಒಪ್ಪಿಗೆ ಕೇಳಿದ ರೀತಿಯನ್ನೇ ವಿಧಾನದ ಅಧ್ಯಾಯಕ್ಕೆ ಸೇರಿಸಲು ಹೊರಟಿದ್ದಾರೆ. ಎನ್‌ಎಸ್‌ಎಸ್ ಮಾತ್ರ ಬೇರೆಯವರಿಗೆ ವಹಿಸಿ ಎಂದರೆ ಇನ್ನೂ ಒಪ್ಪಿಲ್ಲ.