ರೈಲು ಮಾರ್ಗಕ್ಕೆ ಅಲ್ಲಲ್ಲಿ ಮಾತ್ರ ಕರೆಂಟ್ ಲೈನ್ ಹಾಕಿದ್ರೆ ಸಾಕಾಗುತ್ತಾ? ಅದನ್ನ ಲೆಕ್ಕ ಹಾಕೋದು ಹೇಗೆ?

ಕೆಲವು ಕಡೆ ಆರಾಮಾಗಿ ಸಾಕಾಗುತ್ತೆ. ಜಪಾನಿನ ಕರಸುಯಾಮ ಲೈನಲ್ಲಿ 2014ರಿಂದ ಬ್ಯಾಟರಿ ರೈಲು ಓಡ್ತಿದೆ, ಮೇನ್ ಲೈನಲ್ಲಿ ತಂತಿ ಕೆಳಗೆ ಓಡ್ತಾನೇ ಚಾರ್ಜ್ ಮಾಡ್ಕೊಂಡು, ಆಮೇಲೆ ತಂತಿ ಇಲ್ಲದ ಸುಮಾರು 20 ಕಿಲೋಮೀಟರ್ ಬ್ಯಾಟರಿ ಮೇಲೆ ಹೋಗಿ, ಕೊನೇ ಸ್ಟೇಷನ್ನಲ್ಲಿ ನಿಂತಾಗ ಮತ್ತೆ ಚಾರ್ಜ್.

ಎಲ್ಲರೂ ತಂತಿ ಎಷ್ಟು ಕಿಲೋಮೀಟರ್ ಅಂತ ಲೆಕ್ಕ ಹಾಕ್ತಾರೆ, ಆದ್ರೆ ದುಡ್ಡು ನುಂಗೋದು ಹಳಿ ಮೇಲೆ ತಗ್ಗಾಗಿ ಹಾದುಹೋಗೋ ಸೇತುವೆ, ಹಳೇ ಸುರಂಗ, ಸಬ್‌ಸ್ಟೇಷನ್. 25 ಕಿಲೋವೋಲ್ಟ್ ತಂತಿಗೆ ಸುತ್ತ ಜಾಗ ಬೇಕಲ್ವಾ, ಇಲ್ಲಾಂದ್ರೆ ಸೇತುವೆ ಒಡೆದು ಎತ್ತರಿಸ್ಬೇಕು. ಬ್ರಿಟನ್ನಿನ ಸೌತ್ ವೇಲ್ಸಲ್ಲಿ ಅಂಥ ಜಾಗಗಳನ್ನ ಬಿಟ್ಟುಬಿಟ್ಟು, ಅಷ್ಟು ದೂರ ಬ್ಯಾಟರಿ ಮೇಲೆ ದಾಟೋ ಥರ ಮಾಡಿದಾರೆ.

ಹಾಗಾಗಿ ಮೊದಲು ಆ ಖರ್ಚಿನ ಜಾಗಗಳನ್ನ ಗುರುತು ಹಾಕಿ. ಏರು ಇರೋ ಕಡೆ, ಸ್ಟೇಷನ್ ಬಿಟ್ಟು ವೇಗ ಹಿಡಿಯೋ ಕಡೆ ಕರೆಂಟ್ ಜಾಸ್ತಿ ಎಳೆಯುತ್ತೆ, ಅಲ್ಲಿ ತಂತಿ ಇದ್ರೆ ಹೆಚ್ಚು ಲಾಭ. ಆಮೇಲೆ ತಂತಿ ಇಲ್ಲದ ಒಂದೊಂದು ಗ್ಯಾಪಿಗೂ ಎನರ್ಜಿ ಲೆಕ್ಕ: ಹಳಿಯ ಏರು-ಇಳಿಜಾರು, ನಿಲುಗಡೆ, ಎಸಿ, ಹೀಟರ್, ಮಧ್ಯದಲ್ಲೇ ರೆಡ್ ಸಿಗ್ನಲ್ ಬಿದ್ದು ಅರ್ಧ ಗಂಟೆ ನಿಂತ್ರೆ ಏನ್ ಗತಿ ಅನ್ನೋದೂ ಸೇರಿ. ಹೊಸ ಬ್ಯಾಟರಿ ಲೆಕ್ಕ ಹಿಡೀಬೇಡಿ, ಸವೆದ ಬ್ಯಾಟರಿದು ಹಿಡೀರಿ. ಟೈಮ್‌ಟೇಬಲ್ಲಲ್ಲಿ ಚಾರ್ಜಿಗೆ ಟೈಮ್ ಸಿಗುತ್ತಾ, ಓಡೋದಕ್ಕೂ ಚಾರ್ಜಿಗೂ ಒಟ್ಟಿಗೆ ಸಬ್‌ಸ್ಟೇಷನ್ ತಡ್ಕೊಳ್ಳುತ್ತಾ, ಅದನ್ನೂ ನೋಡಿ.

ರೈಲು ಕಡಿಮೆ ಇರೋ ಲೈನಿಗೆ ಇದು ಸರಿ. ದಿನಕ್ಕೆ ಸಿಕ್ಕಾಪಟ್ಟೆ ರೈಲು, ಭಾರೀ ಗೂಡ್ಸ್ ಗಾಡಿ ಓಡೋ ಕಡೆಯಾದ್ರೆ ಪ್ರತಿ ರೈಲಿಗೂ ಬ್ಯಾಟರಿ ಹೊರಿಸೋದಕ್ಕಿಂತ ಪೂರ್ತಿ ತಂತಿ ಎಳೆಯೋದೇ ವಾಸಿ.