ಮಾಲಿ ಮೀನಿನ ಬಾಯಿಗೆ ಬಿಳಿ ಹತ್ತಿ: ಕ್ಯಾಪ್ಸೂಲ್ ಒಡೆಯುವ ಮೊದಲು

ತೀರ್ಥಹಳ್ಳಿಯಿಂದ ಕೇಳಿದ್ದೀರಿ: ಹೊಸದಾಗಿ ತಂದ ಮಾಲಿಗಳನ್ನು 20 ಲೀಟರಿನ ಟಬ್ಬಿನಲ್ಲಿ ಬೇರೆ ಇಟ್ಟಿದ್ದೇನೆ, ಎರಡರ ಬಾಯಿಗೆ ಬಿಳಿ ಹತ್ತಿಯ ಹಾಗೆ ಬಂದಿದೆ, ಮನೆಯಲ್ಲಿ ಉಳಿದ ಟೆಟ್ರಾಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಕ್ಯಾಪ್ಸೂಲ್ ಹಾಕಲಾ ಅಂತ. ಬೇರೆ ಇಟ್ಟಿದ್ದು ಒಳ್ಳೆಯದಾಯ್ತು. ಕ್ಯಾಪ್ಸೂಲ್ ಮಾತ್ರ ಈಗಲೇ ಒಡೆಯಬೇಡಿ ಮಾರಾಯ್ರೆ.

ಮೊದಲು ಟಾರ್ಚ್ ಬಿಟ್ಟು ನೋಡಿ. ಎಳೆ ಎಳೆಯಾಗಿ ನೀರಲ್ಲಿ ಅಲ್ಲಾಡಿದರೆ ಅದು ಹೆಚ್ಚಾಗಿ ಬೂಷ್ಟು, ಆಂಟಿಬಯಾಟಿಕ್ ಅದಕ್ಕೆ ನಾಟುವುದಿಲ್ಲ. ಮೈಮೇಲೆ ರವೆಯಂಥ ಚುಕ್ಕೆ ಇದ್ದರೆ ಅದು ಪರಾವಲಂಬಿ, ಅದಕ್ಕೂ ನಾಟುವುದಿಲ್ಲ. ತುಟಿಗೆ ಅಂಟಿಕೊಂಡು ಬೂದು ಬಿಳಿ ಪದರದ ಹಾಗಿದ್ದು, ರೆಕ್ಕೆಯ ಅಂಚು ಹರಿದಿದ್ದರೆ ಕಾಲಮ್ನಾರಿಸ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಮಾಲಿ, ಗಪ್ಪಿಗಳಿಗೆ ಇದು ಜಾಸ್ತಿ. ಚುಕ್ಕೆ ರೋಗ ಅಂತ ಹೀಟರ್ ಏರಿಸಬೇಡಿ. ಬಿಸಿ ನೀರಲ್ಲಿ ಕಾಲಮ್ನಾರಿಸ್ ಬೇಗ ಹೆಚ್ಚುತ್ತದೆ. 24, 25 ಡಿಗ್ರಿ ಸಾಕು.

ಇನ್ನೊಂದು, ನಮ್ಮ ಕಡೆ ಬಾವಿ ನೀರು ಹೆಚ್ಚಾಗಿ ಮೆದು. ಮಾಲಿಗೆ ಗಡಸು ನೀರು ಬೇಕು. ಅದರ ಅರ್ಧ ಕಾಯಿಲೆ ಇಲ್ಲಿಂದಲೇ ಶುರು ಅನ್ನಿ. ಉಪ್ಪಿನಿಂದ ನೀರು ಗಡಸಾಗುವುದಿಲ್ಲ, ಆದರೂ ಮಾಲಿಗೆ ಅದು ಹಿತ. ಲೀಟರಿಗೆ 2 ಗ್ರಾಂ ಉಪ್ಪು ಕರಗಿಸಿ ನಿಧಾನಕ್ಕೆ ಸೇರಿಸಿ, ಏರ್ ಪಂಪ್ ಹಾಕಿ. ಕರೆಂಟ್ ಹೋಗುವುದು ಮಾಮೂಲಿ ಅಲ್ವಾ, ಬ್ಯಾಟರಿ ಪಂಪ್ ಇದ್ದರೆ ಇನ್ನೂ ಒಳ್ಳೆಯದು.

ಔಷಧಿ ಬೇಕೇ ಬೇಕು ಅಂತಾದರೆ ಪಶುವೈದ್ಯರಿಗೆ ಫೋಟೋ ತೋರಿಸಿ ಪ್ರಮಾಣ ಕೇಳಿ. ಟಬ್ಬಿನ ಲೆಕ್ಕ ಹೇಳಬೇಡಿ, ಒಳಗಿರುವ ನೀರಿನ ಲೆಕ್ಕ ಹೇಳಿ. ನಾನು ಒಮ್ಮೆ ದೊಡ್ಡ ತೊಟ್ಟಿಗೇ ಸುಮ್ನೆ ಅಂದಾಜಿನಲ್ಲಿ ಕ್ಯಾಪ್ಸೂಲ್ ಹಾಕಿದ್ದೆ. ಫಿಲ್ಟರಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತು, ಮೀನಿನ ಹೊಲಸಿನಿಂದ ಬರುವ ವಿಷ ಅಮೋನಿಯಾ ಏರಿತು. ಕಾಯಿಲೆ ಇದ್ದದ್ದು ಒಂದಕ್ಕೆ, ಸತ್ತದ್ದು ಐದು. ಟಬ್ಬಿನಲ್ಲೂ ಇದೇ ಕಥೆ. ಊಟ ಕಡಿಮೆ ಮಾಡಿ, ದಿನಾ ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾ ನೋಡಿ, ನೀರು ಬದಲಿಸಿದಷ್ಟಕ್ಕೆ ಮಾತ್ರ ಔಷಧಿ ಮತ್ತೆ ಸೇರಿಸಿ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ, ಅದು ಔಷಧಿ ಹೀರುತ್ತದೆ. ಟೆಟ್ರಾಸೈಕ್ಲಿನ್ ಬೆಳಕಿಗೆ ಕೆಡುತ್ತದೆ, ಬಟ್ಟೆ ಮುಚ್ಚಿ. ನೀರು ಕಂದಾದರೆ ಗಾಬರಿ ಬೇಡ. ಬಾಯಿ ಸರಿಹೋಯ್ತು ಅಂತ ಎರಡನೇ ದಿನಕ್ಕೇ ನಿಲ್ಲಿಸಬೇಡಿ, ಹೇಳಿದಷ್ಟು ದಿನ ಮುಗಿಸಿ. ಅವಧಿ ಮುಗಿದ ಹಳೇ ಕ್ಯಾಪ್ಸೂಲ್ ಆದರೆ ಎಸೆಯಿರಿ.

ಆ ನೀರನ್ನು ತೋಟದ ಕಾಲುವೆಗೋ ತುಂಗೆಗೋ ಬಿಡಬೇಡಿ. ಬಾವಿಯಿಂದ ದೂರದ ಇಂಗುಗುಂಡಿಗೆ ಸುರಿಯಿರಿ. ಬಲೆ, ಮಗ್ ಈ ಟಬ್ಬಿಗೇ ಬೇರೆ ಇರಲಿ. ಬಾಯಿಯ ಹತ್ತಿರದ ಫೋಟೋ ಒಂದು ಹಾಕಿ, ನೋಡೋಣ.