ಪರೀಕ್ಷೆಗೆ ನಾಲ್ಕೇ ದಿನ, ಕಂಪ್ಯೂಟರ್ ಸೈನ್ಸ್ ಇನ್ನೂ ಬಾಕಿ

ಪ್ರಶ್ನೆ: ಸರ್, ನಾನು ಹೈಸ್ಕೂಲ್ ವಿದ್ಯಾರ್ಥಿನಿ. ಕಂಪ್ಯೂಟರ್ ಸೈನ್ಸ್ ಪರೀಕ್ಷೆಗೆ ನಾಲ್ಕೇ ದಿನ ಉಳಿದಿದೆ. ಬೈನರಿ ಸರ್ಚ್, ರಿಕರ್ಶನ್, ಟೂಸ್ ಕಾಂಪ್ಲಿಮೆಂಟ್, ನೆಟ್‌ವರ್ಕ್ ಬಾಕಿ ಇವೆ. ಓದುವಾಗ ಎಲ್ಲ ಅರ್ಥವಾಗುತ್ತದೆ, ಪುಸ್ತಕ ಮುಚ್ಚಿದರೆ ಬರೆಯೋಕೆ ಬರಲ್ಲ. ಯಾವುದನ್ನು ಮೊದಲು ಓದಲಿ?

ಉತ್ತರ: ಓದುವಾಗ ಅರ್ಥವಾಗುತ್ತದೆ ಅಂತ ನೀವೇ ಹೇಳಿದ್ದೀರಿ. ಹಾಗಾದರೆ ಓದಿದ್ದು ಸಾಕು, ಪೆನ್ನು ತೆಗೆದುಕೊಳ್ಳಿ. ಬೇರೆಯವರು ಬರೆದ ಪ್ರೋಗ್ರಾಂ ಮೇಲೆ ಕಣ್ಣಾಡಿಸಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಡ್ರೈ ರನ್ ಮಾಡಲು, ಅಂದರೆ ಪ್ರೋಗ್ರಾಂನ ಒಂದೊಂದೇ ಹೆಜ್ಜೆಯನ್ನು ಕಾಗದದ ಮೇಲೆ ನಡೆಸಿ ನೋಡಲು, ಕೂತಾಗಲೇ ಎಡವುವ ಜಾಗ ಗೊತ್ತಾಗುವುದು.

ಬೈನರಿ ಸರ್ಚ್‌ನಿಂದ ಶುರು ಮಾಡಿ. ಪಟ್ಟಿಯ ನಡುವಿನ ಸಂಖ್ಯೆ ನೋಡಿ, ಪ್ರತಿ ಸಲ ಅರ್ಧ ಭಾಗ ಬಿಡುತ್ತಾ ಹುಡುಕುವ ವಿಧಾನ ಇದು. 4, 9, 15, 22, 31, 40, 58 ಅಂತ ಬರೆದು, ಕೆಳಗೆ 0ರಿಂದ 6ರವರೆಗೆ ಇಂಡೆಕ್ಸ್ (ಸ್ಥಾನದ ಸಂಖ್ಯೆ) ಹಾಕಿ. ಪಕ್ಕದಲ್ಲಿ ಲೋ, ಹೈ, ಮಿಡ್ ಅಂತ ಮೂರು ಕಾಲಂ ಎಳೆಯಿರಿ; ಹುಡುಕುವ ಭಾಗದ ಮೊದಲ, ಕೊನೆಯ, ನಡುವಿನ ಇಂಡೆಕ್ಸ್ ಇವು. ಈಗ 35 ಹುಡುಕಿ. ಪಟ್ಟಿಯಲ್ಲಿ ಅದು ಇಲ್ವಲ್ಲ ಅಂತೀರಾ? ಅದಕ್ಕೇ ಹೇಳಿದ್ದು. ಇರುವ ಸಂಖ್ಯೆ ಹುಡುಕಿದರೆ ಎಷ್ಟೋ ತಪ್ಪುಗಳು ಕಣ್ಣಿಗೆ ಬೀಳುವುದೇ ಇಲ್ಲ.

ಮೊದಲು ಲೋ 0, ಹೈ 6, ಮಿಡ್ 3. ಅಲ್ಲಿರುವುದು 22, ನಮಗೆ ಬೇಕಾದ್ದಕ್ಕಿಂತ ಚಿಕ್ಕದು. ಹಾಗಾಗಿ ಲೋ 4 ಆಗುತ್ತದೆ, ಮಿಡ್ 5. ಅಲ್ಲಿ 40, ದೊಡ್ಡದು. ಹೈ 4ಕ್ಕೆ ಇಳಿಯಿತು, ಮಿಡ್ ಕೂಡ 4. ಅಲ್ಲಿ 31, ಚಿಕ್ಕದು. ಲೋ 5 ಆಯಿತು. ಲೋ ಈಗ ಹೈಯನ್ನು ದಾಟಿದೆ, ಹುಡುಕಾಟ ಮುಗಿಯಿತು.

ಇದೇ ಲೆಕ್ಕವನ್ನು ಇನ್ನೊಮ್ಮೆ ಬೇಕಂತಲೇ ತಪ್ಪಾಗಿ ಮಾಡಿ. ಲೋಗೆ ಮಿಡ್ ಪ್ಲಸ್ ಒಂದು ಹಾಕುವ ಕಡೆ ಬರೀ ಮಿಡ್ ಹಾಕಿ. ಲೋ 4, ಹೈ 4, ಮಿಡ್ 4 ಅನ್ನೋ ಸಾಲು ಮತ್ತೆ ಮತ್ತೆ ಬರುತ್ತಲೇ ಇರುತ್ತದೆ, ಲೂಪ್ ನಿಲ್ಲುವುದೇ ಇಲ್ಲ. ಕೈ ನೋಯುವವರೆಗೆ ಬರೆದರೆ ಆ ಪ್ಲಸ್ ಒಂದು ಯಾಕೆ ಬೇಕು ಅನ್ನೋದು ಇನ್ನು ಮರೆಯಲ್ಲ! ಪಟ್ಟಿ ಕ್ರಮವಾಗಿ ಜೋಡಿಸಿರಬೇಕು ಅನ್ನೋ ಮಾತನ್ನು ಉತ್ತರದಲ್ಲಿ ಬಿಡಬೇಡಿ. 1000 ಸಂಖ್ಯೆ ಇದ್ದರೂ ಜಾಸ್ತಿ ಅಂದರೆ 10 ಸಲ ನೋಡಿದರೆ ಸಾಕಾಗುವುದು ಆ ಜೋಡಣೆಯಿಂದಲೇ.

ರಿಕರ್ಶನ್‌ಗೆ ಚೀಟಿ ಬಳಸಿ. ಪ್ರೋಗ್ರಾಂನ ಒಂದು ಭಾಗ ತನ್ನನ್ನೇ ತಾನು ಮತ್ತೆ ಕರೆಯುವುದೇ ರಿಕರ್ಶನ್. 4ರ ಫ್ಯಾಕ್ಟೋರಿಯಲ್ (4×3×2×1) ಬೇಕು ಅಂದರೆ 4, 3, 2, 1 ಅಂತ ಒಂದೊಂದು ಕರೆಗೂ ಒಂದು ಚೀಟಿ, ಒಂದರ ಮೇಲೊಂದು. 1ಕ್ಕೆ ಬಂದಾಗ ಉತ್ತರ 1, ಅಲ್ಲಿ ಕರೆ ನಿಲ್ಲುತ್ತದೆ. ಈಗ ಮೇಲಿನಿಂದ ಒಂದೊಂದೇ ತೆಗೆಯುತ್ತಾ ಗುಣಿಸಿ: 1, 2, 6, 24. ಸ್ಟ್ಯಾಕ್ ಅಂದರೂ ಇದೇ, ಅದನ್ನು ಬೇರೆಯಾಗಿ ಓದುವ ಕೆಲಸ ತಪ್ಪಿತು.

ಟೂಸ್ ಕಾಂಪ್ಲಿಮೆಂಟ್, ಅಂದರೆ ಮೈನಸ್ ಸಂಖ್ಯೆಯನ್ನು 0, 1ರಲ್ಲಿ ಬರೆಯುವ ರೀತಿ, ಅರ್ಧ ಗಂಟೆಯ ಕೆಲಸ. 8 ಬಿಟ್‌ನಲ್ಲಿ 6 ಅಂದರೆ 00000110. ಎಲ್ಲ ಬಿಟ್ ತಿರುಗಿಸಿ (0 ಇದ್ದಲ್ಲಿ 1, 1 ಇದ್ದಲ್ಲಿ 0) 1 ಕೂಡಿಸಿದರೆ 11111010, ಅದು ಮೈನಸ್ 6. ಸರಿಯಾ ಅಂತ ನೋಡಲು ಎರಡನ್ನೂ ಕೂಡಿಸಿ. ಒಂಬತ್ತನೇ ಬಿಟ್ ಬಿಟ್ಟರೆ ಉಳಿಯುವುದು ಸೊನ್ನೆ. ಪರೀಕ್ಷೆಯಲ್ಲೂ ಮೂಲೆಯಲ್ಲಿ ಹೀಗೆ ಕೂಡಿಸಿ ನೋಡಬಹುದು.

ನೆಟ್‌ವರ್ಕ್ ಕೊನೆಯ ದಿನಕ್ಕಿರಲಿ. ಅಲ್ಲಿ ಜಾಸ್ತಿ ಇರುವುದು ಹೆಸರು, ವ್ಯಾಖ್ಯೆ. ಸ್ವಿಚ್ ಒಂದು ನೆಟ್‌ವರ್ಕ್ ಒಳಗಿನ ಯಂತ್ರಗಳನ್ನು ಜೋಡಿಸುತ್ತದೆ, ರೌಟರ್ ಬೇರೆ ಬೇರೆ ನೆಟ್‌ವರ್ಕ್‌ಗಳನ್ನು ಜೋಡಿಸುತ್ತದೆ. ಇಂಥವನ್ನು ಬಾಯಿಪಾಠ ಮಾಡಿದರೂ ನನ್ನ ತಕರಾರಿಲ್ಲ.